ಟೈಮ್‌ಲ್ಯಾಪ್ಸ್ ಯಾಕೆ ಮಿಣುಕುತ್ತದೆ? ಬೆಳಕು ಬದಲಾಗುವಾಗ ಎಕ್ಸ್‌ಪೋಷರ್ ದೋಷ ಹುಡುಕುವ ಕೈಪಿಡಿ

ಎರಡು ಗಂಟೆ ಟ್ರೈಪಾಡ್ ಪಕ್ಕ ಕೂತು ಇಷ್ಟಿಷ್ಟು ಹೊತ್ತಿಗೊಂದರಂತೆ ತೆಗೆದ ಫೋಟೋಗಳನ್ನು ಜೋಡಿಸಿ ವಿಡಿಯೋ ಮಾಡಿ, ಅಂದರೆ ಟೈಮ್‌ಲ್ಯಾಪ್ಸ್ ಮಾಡಿ, ಪ್ಲೇ ಒತ್ತುತ್ತೀರಿ. ಆಕಾಶ ಸ್ಟಾರ್ಟರ್ ಹೋದ ಟ್ಯೂಬ್‌ಲೈಟಿನ ಹಾಗೆ ಪಕಪಕ ಅನ್ನುತ್ತದೆ. ಒಂದೊಂದೇ ಫೋಟೋ ತೆರೆದು ನೋಡಿದರೆ ಯಾವುದರಲ್ಲೂ ತಪ್ಪು ಕಾಣುವುದಿಲ್ಲ. ಜೋಡಿಸಿದಾಗ ಮಾತ್ರ ಕಣ್ಣಿಗೆ ಚುಚ್ಚುತ್ತದೆ.

ಫೋಟೋಗೆ ಸಿಗುವ ಬೆಳಕಿನ ಪ್ರಮಾಣವೇ ಎಕ್ಸ್‌ಪೋಷರ್. ಅದನ್ನು ಸ್ಟಾಪಿನಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟಾಗುವುದು, ಇಲ್ಲವೇ ಅರ್ಧಕ್ಕೆ ಇಳಿಯುವುದು. ಅದರ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೆ ಬಿಡಿ ಫೋಟೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದೇ ವ್ಯತ್ಯಾಸ ಸೆಕೆಂಡಿಗೆ 25 ಫ್ರೇಮಿನ ವೇಗದಲ್ಲಿ ಮೇಲೆ ಕೆಳಗೆ ಆಡಿದರೆ ಬೇರೇನೂ ಕಾಣುವುದೇ ಇಲ್ಲ. ಇದನ್ನೇ ಫ್ಲಿಕರ್ ಅನ್ನುತ್ತಾರೆ.

ಫ್ಲಿಕರ್ ಕಂಡ ಕೂಡಲೇ ಸಾಫ್ಟ್‌ವೇರ್ ಹುಡುಕುವವರೇ ಜಾಸ್ತಿ. ನನ್ನ ಕೋರಿಕೆ ಒಂದೇ: ಮೊದಲು ಕಾರಣ ಹುಡುಕಿ. ಸಾಫ್ಟ್‌ವೇರ್ ಈ ವಿಡಿಯೋ ಸರಿಮಾಡಬಹುದು, ಮುಂದಿನ ಸಂಜೆ ಅದೇ ದೋಷ ಮತ್ತೆ ಬರುತ್ತದೆ. ಕಾರಣ ಹುಡುಕಲು ಖರ್ಚೇನೂ ಇಲ್ಲ, ಹತ್ತು ನಿಮಿಷ ಸಾಕು.

ಮೊದಲು ಇದೊಂದು ಮಾಡಿ: ಅಕ್ಕಪಕ್ಕದ ಎರಡು ಫ್ರೇಮ್

ವಿಡಿಯೋದಲ್ಲಿ ಬೆಳಕು ಜಿಗಿದ ಜಾಗ ಹಿಡಿಯಿರಿ. ಅಲ್ಲಿನ ಎರಡು ಮೂಲ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಪರದೆ ತುಂಬ ಇಟ್ಟು ಬಾಣದ ಕೀಲಿಯಿಂದ ಹಿಂದೆ ಮುಂದೆ ಮಾಡಿ. ಅಲುಗಾಡದ ಒಂದು ವಸ್ತುವಿನ ಮೇಲೆ ಮಾತ್ರ ಕಣ್ಣಿಡಿ. ಗೋಡೆ, ಕಂಬ, ಬಂಡೆ ಯಾವುದಾದರೂ ಆಗುತ್ತದೆ. ಆಮೇಲೆ ಎರಡರ ಶಟರ್ ಸ್ಪೀಡ್ (ಬೆಳಕು ಒಳಗೆ ಬಿಡುವ ಹೊತ್ತು), ಅಪರ್ಚರ್ (ಲೆನ್ಸಿನ ತೂತಿನ ಅಗಲ, ಎಫ್ ನಂಬರ್ ಹೆಚ್ಚಾದಷ್ಟೂ ತೂತು ಕಿರಿದು), ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು) ಓದಿ. ಫೋಟೋದ ಪ್ರಾಪರ್ಟೀಸ್‌ನಲ್ಲಿ ಇವೆಲ್ಲ ಇರುತ್ತವೆ.

ನಂಬರ್‌ಗಳು ಬೇರೆ ಬೇರೆ ಇದ್ದರೆ ಬದಲಾಯಿಸಿದ್ದು ಕ್ಯಾಮೆರಾ, ಇಲ್ಲವೇ ನೀವು. ನಂಬರ್‌ಗಳು ಒಂದೇ ಇದ್ದು ಗೋಡೆ ಮಾತ್ರ ಬೆಳ್ಳಗೆ ಕಪ್ಪಗೆ ಆಗುತ್ತಿದ್ದರೆ ಯಂತ್ರ ಹೇಳಿದಂತೆ ಮಾಡುತ್ತಿಲ್ಲ, ಅಥವಾ ಬೆಳಕೇ ಬದಲಾಗಿದೆ. ಮುಂದಿನದೆಲ್ಲ ಈ ಕವಲಿನ ಮೇಲೆ ನಿಂತಿದೆ.

ನನ್ನದೇ ಒಂದು ಉದಾಹರಣೆ. ಮಹಡಿಯಿಂದ ಸಂಜೆಯ ಮೋಡಗಳನ್ನು ತೆಗೆದಿದ್ದೆ, 600ಕ್ಕೂ ಹೆಚ್ಚು ಫ್ರೇಮ್. ಎಲ್ಲವೂ ಮ್ಯಾನುಯಲ್, ಅಂದರೆ ನಂಬರ್‌ಗಳನ್ನೆಲ್ಲ ನಾನೇ ಇಟ್ಟಿದ್ದು. ಆದರೂ ಮಿಣುಕು. 211 ಮತ್ತು 212ನೇ ಫ್ರೇಮ್ ತೆರೆದೆ. ಎರಡರಲ್ಲೂ 1/250, ಎಫ್ 11, ಐಎಸ್ಒ 100. ಮೂಲೆಯಲ್ಲಿ ಸುಣ್ಣ ಬಳಿದ ಒಂದು ನೀರಿನ ತೊಟ್ಟಿ ಇತ್ತು. 211ರಲ್ಲಿ ಅದರ ಗೋಡೆಯ ಗಾರೆಯ ಒರಟು ಕಾಣುತ್ತಿತ್ತು. 212ರಲ್ಲಿ ಆ ಒರಟು ಬಿಳಿಯೊಳಗೆ ಕರಗಿಹೋಗಿತ್ತು. 213ರಲ್ಲಿ ಮತ್ತೆ ಬಂತು. ಮೋಡದ ನೆರಳು ಹೀಗೆ ಒಂದೇ ಫ್ರೇಮಿಗೆ ಬಂದು ಹೋಗುವುದಿಲ್ಲ. ಕೈಕೊಟ್ಟಿದ್ದು ಅಪರ್ಚರ್ ಅಂತ ಅಲ್ಲೇ ಖಚಿತವಾಯಿತು.

ಲಕ್ಷಣ: ಇಡೀ ವಿಡಿಯೋ ಮಿಣುಕುತ್ತದೆ, ನಂಬರ್‌ಗಳೂ ಬದಲಾಗಿವೆ

ಇದು ಎಲ್ಲಕ್ಕಿಂತ ಸುಲಭದ ದೋಷ. ಯಾವುದೋ ಒಂದು ಆಟೋ ಚಾಲೂ ಉಳಿದಿದೆ.

ಮೋಡ್ ಡಯಲ್ ಎಂ, ಅಂದರೆ ಮ್ಯಾನುಯಲ್ ಮೇಲಿದೆಯಾ ನೋಡಿ. ಇದ್ದರೆ ಆಟೋ ಐಎಸ್ಒ ನೋಡಿ. ಎಷ್ಟೋ ಜನ ಎಂ ಮೋಡ್ ಹಾಕಿ ನಿಶ್ಚಿಂತರಾಗುತ್ತಾರೆ. ಐಎಸ್ಒ ಆಟೋದಲ್ಲೇ ಇದ್ದರೆ ಎಂ ಮೋಡ್ ಕೂಡ ಅರೆ ಆಟೋ ಆದಂತೆ. ಒಂದು ಬಿಳಿ ವ್ಯಾನ್ ಮುಂದೆ ಹಾದುಹೋದರೂ ಐಎಸ್ಒ ಇಳಿಯುತ್ತದೆ, ಆಕಾಶ ಒಮ್ಮೆ ಕಪ್ಪಾಗಿ ಮೇಲೇಳುತ್ತದೆ.

ಬೇಕೆಂದೇ ಎ ಮೋಡ್‌ನಲ್ಲಿ, ಅಂದರೆ ಅಪರ್ಚರ್ ನೀವು ಇಟ್ಟು ಶಟರ್ ಕ್ಯಾಮೆರಾಗೆ ಬಿಡುವ ಅಪರ್ಚರ್ ಪ್ರಯಾರಿಟಿಯಲ್ಲಿ ತೆಗೆದಿದ್ದರೆ ಸ್ವಲ್ಪ ಫ್ಲಿಕರ್ ಬಂದೇ ಬರುತ್ತದೆ. ಕ್ಯಾಮೆರಾ ಸಾಮಾನ್ಯವಾಗಿ ಮೂರನೇ ಒಂದು ಸ್ಟಾಪಿನ ಹೆಜ್ಜೆ ಹಾಕುತ್ತದೆ. ಬೆಳಕು ಎರಡು ಹೆಜ್ಜೆಗಳ ನಡುವೆ ಇದ್ದಾಗ ಒಂದು ಫ್ರೇಮ್ ಆ ಕಡೆ, ಒಂದು ಫ್ರೇಮ್ ಈ ಕಡೆ ವಾಲುತ್ತದೆ. ಇದು ಕೆಟ್ಟ ಕ್ಯಾಮೆರಾದ ಗುರುತಲ್ಲ. ಹಲವು ನಿಕಾನ್ ಮಾಡೆಲ್‌ಗಳಲ್ಲಿ ಇದಕ್ಕೆಂದೇ ಎಕ್ಸ್‌ಪೋಷರ್ ಸ್ಮೂಥಿಂಗ್ ಎಂಬ ಆಯ್ಕೆ ಇದೆ. ಎಂ ಮೋಡ್‌ನಲ್ಲಿ ಅದು ಕೆಲಸ ಮಾಡಬೇಕಾದರೆ ಆಟೋ ಐಎಸ್ಒ ಹಾಕಿರಲೇಬೇಕು. ಸ್ಮೂಥಿಂಗ್ ಆನ್ ಮಾಡಿಯೂ ವ್ಯತ್ಯಾಸ ಕಾಣದಿದ್ದರೆ ಅದನ್ನು ನೋಡಿ.

ಕನ್ನಡಿ ಇರುವ ಡಿಎಸ್‌ಎಲ್‌ಆರ್ ಆದರೆ ಇನ್ನೊಂದು ಕಳ್ಳಕಿಂಡಿ ಇದೆ, ವ್ಯೂಫೈಂಡರ್. ನಿಮ್ಮ ಕಣ್ಣು ಅಲ್ಲಿ ಇಲ್ಲದಾಗ ಹಿಂದಿನಿಂದ ಬೆಳಕು ಒಳಗೆ ಹೋಗಿ, ಬೆಳಕು ಅಳೆಯುವ ಮೀಟರಿಗೆ ಸುಳ್ಳು ಹೇಳುತ್ತದೆ. ಬೆನ್ನ ಹಿಂದೆ ಸೂರ್ಯ ಇದ್ದು, ನೀವು ಕ್ಯಾಮೆರಾ ಸುತ್ತ ಓಡಾಡುತ್ತಿದ್ದರೆ ನಿಮ್ಮ ನೆರಳೇ ವಿಡಿಯೋದಲ್ಲಿ ಮಿಣುಕಾಗಿ ಕಾಣುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಮುಗಿಯಿತು.

ಲಕ್ಷಣ: ನಂಬರ್‌ಗಳು ಒಂದೇ, ಜೆಪೆಗ್ ಮಿಣುಕುತ್ತದೆ, ರಾ ಫೈಲ್ ಸರಿ ಇದೆ

ಕ್ಯಾಮೆರಾ ತಾನೇ ಹದ ಮಾಡಿ ಕೊಡುವ ಫೋಟೋ ಜೆಪೆಗ್, ಹದ ಮಾಡದ ಕಚ್ಚಾ ಫೈಲ್ ರಾ. ಕ್ಯಾಮೆರಾದೊಳಗಿನ ಸಹಾಯಗುಣ ಇದಕ್ಕೆ ಕಾರಣ. ಕ್ಯಾನನ್‌ನಲ್ಲಿ ಆಟೋ ಲೈಟಿಂಗ್ ಆಪ್ಟಿಮೈಸರ್, ನಿಕಾನ್‌ನಲ್ಲಿ ಆ್ಯಕ್ಟಿವ್ ಡಿ-ಲೈಟಿಂಗ್ ಅನ್ನುವಂಥವು ನೆರಳನ್ನು ಎತ್ತಿ ಬೆಳಕನ್ನು ಹದ ಮಾಡುತ್ತವೆ. ಪ್ರತಿ ಫೋಟೋಗೂ ಬೇರೆ ಲೆಕ್ಕ ಹಾಕಿದರೆ ಹದವೂ ಬೇರೆಯಾಗುತ್ತದೆ. ಆಟೋ ಎಚ್‌ಡಿಆರ್ ಕೂಡ ಇದೇ ಸಾಲಿಗೆ ಸೇರಿದ್ದು. ಎಲ್ಲವನ್ನೂ ಆಫ್ ಮಾಡಿ. ಎಡಿಟ್ ಮಾಡುವಾಗ ಎಲ್ಲ ಫೋಟೋಗಳಿಗೂ ಒಟ್ಟಿಗೆ ಆಟೋ ಬಟನ್ ಒತ್ತಿದರೂ ಇದೇ ಆಗುತ್ತದೆ. ಆಗ ತಪ್ಪು ಹುಟ್ಟಿದ್ದು ಕಂಪ್ಯೂಟರಿನಲ್ಲಿ.

ಲಕ್ಷಣ: ನಂಬರ್‌ಗಳು ಒಂದೇ, ರಾ ಫೈಲ್‌ನಲ್ಲೂ ಮಿಣುಕು

ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಲೆನ್ಸಿನ ಒಳಗೆ ಅಪರ್ಚರ್ ಎಲೆಗಳಿವೆ. ನೀವು ಎಫ್ 11 ಅಂತ ಇಟ್ಟರೂ ಅವು ಸದಾ ಅಲ್ಲಿ ನಿಂತಿರುವುದಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಪೂರ್ತಿ ತೆರೆದೇ ಇದ್ದು, ಕ್ಲಿಕ್ ಆಗುವ ಕ್ಷಣ ಮಾತ್ರ ಮುಚ್ಚಿ, ಮತ್ತೆ ತೆರೆಯುತ್ತವೆ. 600 ಫ್ರೇಮ್ ಅಂದರೆ 600 ಸಲ. ಪ್ರತಿ ಸಲವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಅದೇ ಜಾಗಕ್ಕೆ ಬರಲು ಅವಕ್ಕೆ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 50 ಎಂಎಂ ಲೆನ್ಸಿನಲ್ಲಿ ಎಫ್ 16 ಇಟ್ಟರೆ ತೂತಿನ ಅಗಲ ಸುಮಾರು 3.1 ಮಿಲಿಮೀಟರ್. ಎಲೆಗಳು 0.1 ಮಿಲಿಮೀಟರ್ ತಪ್ಪಿದರೆ ಬೆಳಕು ಶೇ. 6ಕ್ಕೂ ಹೆಚ್ಚು ಏರುಪೇರಾಗುತ್ತದೆ, ಅಂದರೆ ಸ್ಟಾಪಿನ ಹತ್ತನೇ ಒಂದು ಭಾಗದ ಹತ್ತಿರ. ಅದೇ ಲೆನ್ಸಿನಲ್ಲಿ ಎಫ್ 2.8 ಇಟ್ಟರೆ ತೂತು ಸುಮಾರು 18 ಮಿಲಿಮೀಟರ್. ಅಷ್ಟೇ ತಪ್ಪಿಗೆ ಬೆಳಕು ಬದಲಾಗುವುದು ಶೇ. 1ರಷ್ಟು ಮಾತ್ರ. ತಪ್ಪು ಅಷ್ಟೇ, ಪರಿಣಾಮ ಆರು ಪಟ್ಟು ಕಡಿಮೆ. ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ಎಫ್ 16 ಇಡುವ ಅಭ್ಯಾಸ ಟೈಮ್‌ಲ್ಯಾಪ್ಸ್‌ಗೆ ಹೊಂದುವುದಿಲ್ಲ ಅನ್ನುವುದು ಇದಕ್ಕೇ.

ದೋಷ ಅಪರ್ಚರಿನದೋ ಶಟರಿನದೋ ತಿಳಿಯಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ರಾತ್ರಿ ಕೋಣೆಯ ದೀಪ ಆರಿಸಿ. ಬ್ಯಾಟರಿ ಟಾರ್ಚನ್ನು ಪೂರ್ತಿ ಪ್ರಖರತೆಗೆ ಇಟ್ಟು ಗೋಡೆಗೆ ಹಿಡಿಸಿ. ಕರೆಂಟಿನ ಬಲ್ಬ್ ಬೇಡ, ಅದು ತಾನೇ ಮಿಣುಕುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಎಲ್ಲವೂ ಮ್ಯಾನುಯಲ್ ಇರಲಿ.

ಮೊದಲು ಎಫ್ 11, ಶಟರ್ ಅರ್ಧ ಸೆಕೆಂಡ್, 20 ಫೋಟೋ. ಆಮೇಲೆ ಅಪರ್ಚರ್ ಪೂರ್ತಿ ತೆರೆಯಿರಿ, ಶಟರ್ ಅರ್ಧ ಸೆಕೆಂಡೇ ಇರಲಿ, ಐಎಸ್ಒ ಇಳಿಸಿ ಅಥವಾ ಟಾರ್ಚ್ ದೂರ ಇಟ್ಟು ಹೊಂದಿಸಿ. ಮತ್ತೆ 20. ಕೊನೆಗೆ ಅಪರ್ಚರ್ ಪೂರ್ತಿ ತೆರೆದೇ ಇರಲಿ, ಶಟರ್ 1/4000 ಮಾಡಿ. ಟಾರ್ಚ್ ಹತ್ತಿರ ತಂದು ಐಎಸ್ಒ ಏರಿಸಬೇಕಾಗುತ್ತದೆ. ಮತ್ತೆ 20.

ಮೊದಲ ಗುಂಪು ಮಾತ್ರ ಮಿಣುಕಿದರೆ ಅಪರ್ಚರ್. ಮೂರನೆಯದು ಮಾತ್ರ ಮಿಣುಕಿದರೆ ಶಟರ್. ಮೂರೂ ಮಿಣುಕಿದರೆ ಟಾರ್ಚ್ ಬದಲಿಸಿ ಇನ್ನೊಮ್ಮೆ ಮಾಡಿ, ಬ್ಯಾಟರಿ ಇಳಿದಿರಬಹುದು.

ಅಪರ್ಚರ್ ದೋಷಕ್ಕೆ ಪುಕ್ಕಟೆ ಮದ್ದು ಅಂದರೆ ಲೆನ್ಸನ್ನು ಪೂರ್ತಿ ತೆರೆದು ತೆಗೆಯುವುದು. ಎಲೆಗಳು ಚಲಿಸುವುದೇ ಇಲ್ಲ, ಚಲಿಸದ್ದು ತಪ್ಪುವುದೂ ಇಲ್ಲ. ಹಗಲಿನಲ್ಲಿ ಬೆಳಕು ಜಾಸ್ತಿಯಾದರೆ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು ಹಾಕಿ. ಎರಡನೇ ದಾರಿ, ಅಪರ್ಚರ್ ಉಂಗುರ ಇರುವ ಹಳೆಯ ಮ್ಯಾನುಯಲ್ ಲೆನ್ಸನ್ನು ಅಡಾಪ್ಟರಿನಲ್ಲಿ ಹಾಕುವುದು. ಉಂಗುರ ತಿರುಗಿಸಿದಲ್ಲಿಗೆ ಎಲೆಗಳು ನಿಂತೇ ಇರುತ್ತವೆ. ಈ ಕೆಲಸಕ್ಕೆ ನನಗೆ ಇವೇ ಇಷ್ಟ.

ಮೂರನೆಯದು ಲೆನ್ಸ್ ತಿರುಚುವ ಉಪಾಯ. ಡೆಪ್ತ್ ಆಫ್ ಫೀಲ್ಡ್ ಬಟನ್ (ಎಲೆಗಳನ್ನು ನೀವಿಟ್ಟ ಎಫ್ ನಂಬರಿಗೆ ಮುಚ್ಚಿ ತೋರಿಸುವುದು) ಒತ್ತಿ ಹಿಡಿದು, ಲೆನ್ಸಿನ ಬೀಗ ಬಿಡಿಸಿ ಸ್ವಲ್ಪ ತಿರುಗಿಸಿದರೆ ವಿದ್ಯುತ್ ಸಂಪರ್ಕ ತಪ್ಪಿ ಎಲೆಗಳು ಅಲ್ಲೇ ನಿಂತುಬಿಡುತ್ತವೆ. ಎಲೆಗಳನ್ನು ವಿದ್ಯುತ್ತಿನಿಂದಲೇ ಆಡಿಸುವ ಲೆನ್ಸ್‌ಗಳಲ್ಲಿ ಮಾತ್ರ ಇದು ನಡೆಯುತ್ತದೆ. ಸನ್ನೆಕೋಲಿನಿಂದ ಆಡಿಸುವ ಲೆನ್ಸ್‌ಗಳಲ್ಲಿ ನಡೆಯುವುದಿಲ್ಲ. ಲೆನ್ಸ್ ಇಲ್ಲ ಅಂದುಕೊಂಡು ಕ್ಯಾಮೆರಾ ಕ್ಲಿಕ್ಕಿಸಲು ಒಪ್ಪದಿದ್ದರೆ ಮೆನುವಿನಲ್ಲಿ ಲೆನ್ಸ್ ಇಲ್ಲದೆ ತೆಗೆಯುವ ಆಯ್ಕೆ ಆನ್ ಮಾಡಬೇಕು. ಎಚ್ಚರ: ಹೀಗೆ ಬಿಟ್ಟ ಲೆನ್ಸಿಗೆ ಬೀಗ ಬಿದ್ದಿರುವುದಿಲ್ಲ. ಕ್ಯಾಮೆರಾ ಕೆಳಮುಖ ಮಾಡಿದರೆ, ತೆಗೆದು ಹೆಗಲಿಗೆ ಹಾಕಿಕೊಂಡರೆ ಕಳಚಿ ಬೀಳಬಹುದು. ಮುಗಿದ ಕ್ಷಣವೇ ಟಕ್ ಅನ್ನುವವರೆಗೆ ತಿರುಗಿಸಿ.

ಶಟರ್ ದೋಷವಾದರೆ ಸ್ಪೀಡ್ ಇಳಿಸಿ, ಅಷ್ಟೇ. 1/4000ದಲ್ಲಿ ಶಟರಿನ ಎರಡು ಪರದೆಗಳ ನಡುವೆ ಬೆಳಕು ಬಿಡುವ ಸೀಳು ತೀರಾ ಕಿರಿದು, ಅದರಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. 1/100 ಅಥವಾ ಅದಕ್ಕಿಂತ ನಿಧಾನದಲ್ಲಿ ಆ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲೂ ಎನ್‌ಡಿ ಫಿಲ್ಟರ್ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಮೋಡ, ನೀರು, ಜನರ ಚಲನೆಯೂ ಮೃದುವಾಗಿ ಬರುತ್ತದೆ.

ನಂಬರ್ ಒಂದೇ, ಪರೀಕ್ಷೆಯಲ್ಲೂ ಎಲ್ಲ ಸರಿ ಅನ್ನುವುದಾದರೆ ಬದಲಾಗಿದ್ದು ನಿಜವಾದ ಬೆಳಕು. ಮೋಡ ಸೂರ್ಯನನ್ನು ಮುಚ್ಚಿ ತೆರೆದರೆ ಫ್ರೇಮಿನಲ್ಲಿ ನೆರಳಿನ ಅಂಚು ನಡೆಯುವುದು ಕಾಣುತ್ತದೆ. ನೆಲದ ಒಂದು ಭಾಗ ಕಪ್ಪಾದಾಗ ಇನ್ನೊಂದು ಬೆಳ್ಳಗಿರುತ್ತದೆ. ಯಂತ್ರದ ಫ್ಲಿಕರ್ ಆದರೆ ಇಡೀ ಫ್ರೇಮ್ ಒಟ್ಟಿಗೆ ಬದಲಾಗುತ್ತದೆ. ಮೋಡದ ಆಟವನ್ನು ದಯವಿಟ್ಟು ಒರೆಸಿಹಾಕಬೇಡಿ. ಆ ದಿನದ ಉಸಿರು ಅದರಲ್ಲೇ ಇದೆ.

ಲಕ್ಷಣ: ಅಡ್ಡಡ್ಡ ಪಟ್ಟೆಗಳು ಮೇಲೆ ಕೆಳಗೆ ಹರಿಯುತ್ತವೆ

ಒಳಾಂಗಣದಲ್ಲಿ, ಬೀದಿದೀಪದ ಕೆಳಗೆ ಇದು ಸಾಮಾನ್ಯ. 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, 60 ಹರ್ಟ್ಸ್ ಇರುವ ಕಡೆ 120 ಸಲ. ಶಟರ್ ಅದಕ್ಕಿಂತ ವೇಗವಾದರೆ ಒಂದು ಫ್ರೇಮಿಗೆ ಏರು ಸಿಗುತ್ತದೆ, ಇನ್ನೊಂದಕ್ಕೆ ಇಳಿತ. ಪರದೆ ಚಲಿಸದೆ ಸೆನ್ಸರ್ ಮಾತ್ರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಶಟರ್ ಸಾಲು ಸಾಲಾಗಿ ಓದುವುದರಿಂದ ಒಂದೇ ಫ್ರೇಮಿನಲ್ಲಿ ಏರು ಇಳಿತ ಎರಡೂ ಬಂದು ಪಟ್ಟೆ ಬೀಳುತ್ತದೆ.

ಮೊದಲು ಮೆಕ್ಯಾನಿಕಲ್ ಶಟರಿಗೆ ಬದಲಿಸಿ ನೋಡಿ. ಆಮೇಲೆ ಸ್ಪೀಡನ್ನು 1/50 ಅಥವಾ 1/25ಕ್ಕೆ ಇಳಿಸಿ, 60 ಹರ್ಟ್ಸ್ ಇದ್ದರೆ 1/60 ಅಥವಾ 1/30. ಅರ್ಧ ಸೆಕೆಂಡಿಗೆ ಇಳಿಸಿದರೆ ಹೆಚ್ಚಿನ ದೀಪಗಳ ಕಾಟ ತಾನಾಗಿಯೇ ಹೋಗುತ್ತದೆ.

ಲಕ್ಷಣ: ಶುರುವಿನಲ್ಲಿ ಚಂದ, ಆಮೇಲೆ ಪೂರ್ತಿ ಕಪ್ಪು, ಅಥವಾ ರಾತ್ರಿಯೂ ಹಗಲಿನ ಹಾಗೆ

ಹಗಲಿನಿಂದ ರಾತ್ರಿಗೆ ಹೋಗುವ ಟೈಮ್‌ಲ್ಯಾಪ್ಸನ್ನು ಇಂಗ್ಲಿಷ್ ಬಲ್ಲ ಛಾಯಾಗ್ರಾಹಕರು ಹೋಲಿ ಗ್ರೇಲ್, ಅಂದರೆ ಎಷ್ಟು ಹುಡುಕಿದರೂ ಸುಲಭಕ್ಕೆ ಸಿಗದ ಪವಿತ್ರ ಪಾತ್ರೆ, ಅಂತ ಕರೆಯುತ್ತಾರೆ. ಅದಕ್ಕೆ ಆ ಹೆಸರು ಸುಮ್ನೆ ಬಂದಿಲ್ಲ. ನೆತ್ತಿಯ ಬಿಸಿಲಿನಿಂದ ನಕ್ಷತ್ರಗಳ ರಾತ್ರಿಯವರೆಗೆ ಬೆಳಕು 20 ಸ್ಟಾಪಿಗೂ ಹೆಚ್ಚು ಇಳಿಯುತ್ತದೆ. 20 ಸ್ಟಾಪ್ ಅಂದರೆ 10 ಲಕ್ಷ ಪಟ್ಟಿಗೂ ಮೇಲೆ. ನಮ್ಮ ಕಣ್ಣು ಹೊಂದಿಕೊಳ್ಳುತ್ತಾ ಹೋಗುವುದರಿಂದ ಅದು ನಮಗೆ ಅನಿಸುವುದಿಲ್ಲ.

ಇಳಿತ ಒಂದೇ ವೇಗದಲ್ಲೂ ಇರುವುದಿಲ್ಲ. ಶುಭ್ರ ಆಕಾಶದಲ್ಲಿ ಸೂರ್ಯ ಮುಳುಗುವಾಗ ನೆಲದ ಮೇಲೆ ಸುಮಾರು 400 ಲಕ್ಸ್ ಬೆಳಕಿರುತ್ತದೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಹೋದಾಗ ಸುಮಾರು 3.4 ಲಕ್ಸ್. ಇದು ಏಳು ಸ್ಟಾಪಿನ ಇಳಿತ. ಭೂಮಧ್ಯರೇಖೆಯ ಹತ್ತಿರ ಸೂರ್ಯ ನೆಟ್ಟಗೆ ಇಳಿಯುವುದರಿಂದ ಈ 6 ಡಿಗ್ರಿಗೆ 24 ನಿಮಿಷ ಸಾಕು. ಅಂದರೆ ಮೂರೂವರೆ ನಿಮಿಷಕ್ಕೆ ಒಂದು ಸ್ಟಾಪ್. ಡಯಲಿನ ಒಂದು ಕ್ಲಿಕ್ ಮೂರನೇ ಒಂದು ಸ್ಟಾಪ್ ತಾನೇ, ಹಾಗಾಗಿ ಸುಮಾರು 70 ಸೆಕೆಂಡಿಗೆ ಒಂದು ಕ್ಲಿಕ್ ಬೇಕು. ಧ್ರುವಗಳ ಕಡೆ ಹೋದಂತೆ ಸೂರ್ಯ ಓರೆಯಾಗಿ ಇಳಿಯುತ್ತಾನೆ, ಕ್ಲಿಕ್‌ಗಳ ನಡುವೆ ಬಿಡುವು ಜಾಸ್ತಿ ಸಿಗುತ್ತದೆ.

ಫ್ರೇಮ್‌ಗಳು ಕಪ್ಪಾಗಿದ್ದರೆ ಕಾರಣ ಸರಳ. ಸೆಟ್ಟಿಂಗ್ ಹಗಲಿನದೇ ಉಳಿದಿದೆ, ಅಥವಾ ನಿಮ್ಮ ಕೈ ಈ ವೇಗಕ್ಕೆ ಹಿಂದೆ ಬಿದ್ದಿದೆ. ಎ ಮೋಡ್ ಆಗಿದ್ದರೆ ಶಟರ್ 30 ಸೆಕೆಂಡಿನ ಮಿತಿ ಮುಟ್ಟಿರಬಹುದು, ಆಟೋ ಐಎಸ್ಒ ನೀವು ಹಾಕಿದ ಮಿತಿಯಲ್ಲಿ ನಿಂತಿರಬಹುದು. ಕೊನೆಯ ಫ್ರೇಮ್‌ಗಳ ನಂಬರ್ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ತಿರುವುಮುರುವಾಗಿ ರಾತ್ರಿ ಹಗಲಿನಂತೆ ಬೆಳಗಿದ್ದರೆ ತಪ್ಪು ಮೀಟರಿನದು. ಏನು ತೋರಿಸಿದರೂ ಅದನ್ನು ಬೂದು ಮಾಡುವುದು ಮೀಟರಿನ ಕೆಲಸ. ಕತ್ತಲೆಯನ್ನೂ ಬೂದು ಮಾಡಿಬಿಡುತ್ತದೆ. ಕತ್ತಲಾದಂತೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಸೊನ್ನೆಯಿಂದ ಮೈನಸ್ 1ರ ಕಡೆಗೆ, ಬೇಕಾದರೆ ಮೈನಸ್ 2ರ ಕಡೆಗೆ ಒಂದೊಂದೇ ಕ್ಲಿಕ್ ಇಳಿಸಿ. ರಾತ್ರಿ ರಾತ್ರಿಯಾಗಿ ಕಾಣುತ್ತದೆ.

ಕೈಯಿಂದ ಮಾಡುವುದಾದರೆ ನಾನು ಅನುಸರಿಸುವ ಕ್ರಮ ಹೀಗಿದೆ. ಅಪರ್ಚರ್ ಮುಟ್ಟುವುದೇ ಇಲ್ಲ. ಮೊದಲು ಶಟರ್ ನಿಧಾನ ಮಾಡುತ್ತಾ ಹೋಗುತ್ತೇನೆ. ಅದು ಮಿತಿ ಮುಟ್ಟಿದ ಮೇಲೆ ಐಎಸ್ಒ ಏರಿಸುತ್ತೇನೆ. ಶಟರ್ 1/500ರಿಂದ 15 ಸೆಕೆಂಡಿಗೆ ಹೋದರೆ 13 ಸ್ಟಾಪ್, ಐಎಸ್ಒ 100ರಿಂದ 3200ಕ್ಕೆ ಹೋದರೆ 5 ಸ್ಟಾಪ್. ಒಟ್ಟು 18. ಒಂದು ಸಂಜೆಗೆ ಇದು ಧಾರಾಳ ಸಾಕು. ಬೆಳಗಿನ ಜಾವ ಕ್ರಮ ಉಲ್ಟಾ: ಮೊದಲು ಐಎಸ್ಒ ಇಳಿಸಿ, ಆಮೇಲೆ ಶಟರ್.

ಎರಡು ಮಾತು ನೆನಪಿರಲಿ. ಬದಲಾವಣೆ ಯಾವಾಗಲೂ ಒಂದೇ ದಿಕ್ಕಿನಲ್ಲಿರಲಿ, ಒಂದು ಕ್ಲಿಕ್ ಹೆಚ್ಚಾಯಿತು ಅಂತ ಹಿಂದೆ ತರಬೇಡಿ, ಬೆಳಕು ತಾನೇ ಅಲ್ಲಿಗೆ ಬರುತ್ತದೆ. ಇನ್ನೊಂದು, ಕ್ಯಾಮೆರಾ ಮುಟ್ಟುವಾಗ ಅಲುಗಿದರೆ ಫ್ರೇಮ್ ಜರುಗುತ್ತದೆ. ಫೋನ್ ಆ್ಯಪ್ ಅಥವಾ ಕೇಬಲ್ ಮೂಲಕ ಬದಲಿಸುವುದು ಒಳ್ಳೆಯದು.

ಎಚ್ಚರ: ಸೂರ್ಯ ಫ್ರೇಮಿನಲ್ಲಿದ್ದಾಗ ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಕಣ್ಣಿಡಬೇಡಿ. ಟೆಲಿ ಲೆನ್ಸ್ ಇದ್ದರಂತೂ ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಪರದೆ ನೋಡಿಯೇ ಚೌಕಟ್ಟು ಹಾಕಿ. ಉದ್ದ ಲೆನ್ಸನ್ನು ಮೇಲಿನ ಸೂರ್ಯನತ್ತ ಗಂಟೆಗಟ್ಟಲೆ ತಿರುಗಿಸಿಟ್ಟರೆ ಕ್ಯಾಮೆರಾದ ಒಳಭಾಗವೂ ಸುಡುತ್ತದೆ. ಸಾಮಾನ್ಯ ಎನ್‌ಡಿ ಫಿಲ್ಟರ್ ಕಣ್ಣಿಗೆ ರಕ್ಷಣೆ ಅಲ್ಲ. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಬೇರೆ ಇದೆ, ಅದನ್ನು ಲೆನ್ಸಿನ ಮುಂದೆ ಹಾಕಬೇಕು.

ಲಕ್ಷಣ: ಮಿಣುಕಿಲ್ಲ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ

ಇದು ನಿಮ್ಮ ಕೈಯಿಂದಾದ ಬದಲಾವಣೆಯ ಗುರುತು. ಇದು ದೋಷವೇ ಅಲ್ಲ, ಅರ್ಧ ಮುಗಿದ ಕೆಲಸ. ಬೆಳಕು ಮೆಲ್ಲಗೆ ಇಳಿಯುತ್ತದೆ, ನೀವು ಒಂದು ಕ್ಲಿಕ್ ಏರಿಸಿದಾಗ ದಿಢೀರ್ ಏರುತ್ತದೆ, ಮತ್ತೆ ಮೆಲ್ಲಗೆ ಇಳಿಯುತ್ತದೆ. ಗ್ರಾಫ್ ಬರೆದರೆ ಗರಗಸದ ಹಲ್ಲಿನಂತಿರುತ್ತದೆ.

ರಾ ಫೈಲ್ ಇದ್ದರೆ ಆ ಹಲ್ಲುಗಳನ್ನು ಸಪಾಟು ಮಾಡಬಹುದು. ಎಲ್‌ಆರ್‌ಟೈಮ್‌ಲ್ಯಾಪ್ಸ್ ಎಂಬ ಸಾಫ್ಟ್‌ವೇರ್ ಫೋಟೋದಲ್ಲಿ ದಾಖಲಾದ ನಂಬರ್‌ಗಳನ್ನು ಓದಿ, ಪ್ರತಿ ಜಿಗಿತಕ್ಕೂ ಎದುರು ಲೆಕ್ಕ ಹಾಕಿ ಹಂಚುತ್ತದೆ. ವಿಡಿಯೋ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲೂ ಮಿಣುಕು ತೆಗೆಯುವ ಡಿಫ್ಲಿಕರ್ ಇದೆ, ಅದು ಸಣ್ಣ ಮಿಣುಕಿಗೆ ಒಳ್ಳೆಯದು. ಇಂಥ ಸಾಧನ ಬಳಸುವಾಗ ಅಳತೆಗೆ ಆಕಾಶ ಅಥವಾ ಗೋಡೆಯ ತುಂಡೊಂದನ್ನು ಆರಿಸಿ. ಇಡೀ ಫ್ರೇಮ್ ಕೊಟ್ಟರೆ ಮುಂದೆ ಹಾದುಹೋದ ಬಸ್ಸನ್ನೂ ಬೆಳಕಿನ ಬದಲಾವಣೆ ಅಂದುಕೊಂಡು ಹಿಂದಿನ ಆಕಾಶವನ್ನು ಏರಿಳಿಸುತ್ತದೆ.

ಆದರೆ ಪೂರ್ತಿ ಬೆಳ್ಳಗೆ ಸುಟ್ಟುಹೋದ ಆಕಾಶವನ್ನು ಯಾವ ಸಾಫ್ಟ್‌ವೇರೂ ತರಲಾರದು. ಅಲ್ಲಿ ಮಾಹಿತಿಯೇ ಇಲ್ಲ. ತೆಗೆಯುವಾಗ ಹಿಸ್ಟೋಗ್ರಾಂನ (ಫೋಟೋದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ತೋರಿಸುವ ಗ್ರಾಫ್) ಬಲ ಅಂಚಿಗೆ, ಅಂದರೆ ಅಚ್ಚ ಬಿಳಿಯ ಕಡೆಗೆ, ಗುಡ್ಡೆ ತಗುಲದಂತೆ ನೋಡಿಕೊಳ್ಳಿ. ಕ್ಯಾಮೆರಾ ಪರದೆ ನಂಬಬೇಡಿ. ಕತ್ತಲಲ್ಲಿ ಅದು ಎಷ್ಟು ಕಪ್ಪು ಫೋಟೋವನ್ನೂ ಬೆಳ್ಳಗೆ ತೋರಿಸುತ್ತದೆ.

ಲಕ್ಷಣ: ಕತ್ತಲಾದ ಮೇಲೆ ಚಲನೆ ದಿಢೀರ್ ವೇಗವಾಗುತ್ತದೆ

ಫ್ರೇಮ್‌ಗಳು ತಪ್ಪಿಹೋಗಿವೆ. ಎರಡು ಫೋಟೋ ತೆಗೆದ ಸಮಯ ಹೋಲಿಸಿ. ಇಂಟರ್ವಲ್, ಅಂದರೆ ಎಷ್ಟು ಹೊತ್ತಿಗೊಂದು ಫೋಟೋ ಅನ್ನುವುದನ್ನು, 10 ಸೆಕೆಂಡ್ ಇಟ್ಟಿದ್ದು, ಫೋಟೋಗಳ ನಡುವೆ 20 ಸೆಕೆಂಡ್ ಇದ್ದರೆ ಒಂದು ಬಿಟ್ಟು ಒಂದು ಹೋಗಿದೆ. ಶಟರ್ ನಿಧಾನವಾಗುತ್ತಾ ಇಂಟರ್ವಲ್ಲನ್ನೇ ಮೀರಿದೆ. 15 ಸೆಕೆಂಡ್ ಅಂತ ಬರೆದಿದ್ದರೂ ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ನಿಜಕ್ಕೂ 16, 30 ಅಂದರೆ 32. ಅದರ ಮೇಲೆ ಕಾರ್ಡಿಗೆ ಬರೆಯುವ ಸಮಯ ಬೇಕು. ರಾತ್ರಿ 15 ಸೆಕೆಂಡ್ ಬೇಕಾಗುತ್ತದೆ ಅನ್ನಿಸಿದರೆ ಇಂಟರ್ವಲ್ ಶುರುವಿನಿಂದಲೇ 20 ಇಡಿ. ನಡುವೆ ಬದಲಿಸಿದರೆ ವೇಗ ಬದಲಾಗುತ್ತದೆ.

ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಪ್ರತಿ ಫೋಟೋ ಆದ ಮೇಲೆ ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಫೋಟೋ ತೆಗೆಯುತ್ತದೆ. ಅದನ್ನು ಆಫ್ ಮಾಡಿ.

ಲಕ್ಷಣ: ದೀಪಗಳ ಸುತ್ತ ಪ್ರಭೆ, ನಿಧಾನವಾಗಿ ಎಲ್ಲವೂ ಮಬ್ಬು

ಎಕ್ಸ್‌ಪೋಷರ್ ತಪ್ಪಿದೆ ಅಂದುಕೊಂಡು ಐಎಸ್ಒ ಏರಿಸಬೇಡಿ. ಲೆನ್ಸಿಗೆ ಇಬ್ಬನಿ ಕೂತಿದೆ. ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನ ಗಾಜು ನೋಡಿ. ಇಬ್ಬನಿ ಇದ್ದರೆ ಉಸಿರು ಬಿಟ್ಟ ಕನ್ನಡಿಯ ಹಾಗೆ ಕಾಣುತ್ತದೆ. ಒರೆಸಿದರೆ ಎರಡು ನಿಮಿಷದಲ್ಲಿ ಮತ್ತೆ ಕೂರುತ್ತದೆ, ಗಾಜು ತಣ್ಣಗಿದೆಯಲ್ಲ. ಲೆನ್ಸಿಗೆ ಸುತ್ತುವ ಹೀಟರ್ ಪಟ್ಟಿಯನ್ನು ಪವರ್ ಬ್ಯಾಂಕಿಗೆ ಹಾಕಿ ಮೊದಲಿನಿಂದಲೇ ಬೆಚ್ಚಗಿಡಿ.

ಲಕ್ಷಣ: ಬೆಳಕು ಸರಿ, ಬಣ್ಣ ಹೊಯ್ದಾಡುತ್ತದೆ

ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದೆ. 5500 ಕೆಲ್ವಿನ್ ಅಥವಾ ಡೇಲೈಟ್ ಅಂತ ಒಂದೇ ಕಡೆ ನಿಲ್ಲಿಸಿ. ರಾ ಆಗಿದ್ದರೆ ಎಡಿಟ್ ಮಾಡುವಾಗ ಎಲ್ಲ ಫೋಟೋಗೂ ಒಂದೇ ನಂಬರ್ ಕೊಟ್ಟರೆ ಸರಿಹೋಗುತ್ತದೆ.

ಫೋನಿನಲ್ಲಿ ತೆಗೆಯುವವರಿಗೆ

ಪರದೆಯ ಮೇಲೆ ಒಂದು ಕಡೆ ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡೂ ಲಾಕ್ ಆಗುತ್ತವೆ. ಮೋಡ, ಜನಸಂದಣಿಗೆ ಇಷ್ಟು ಸಾಕು. ಸೂರ್ಯ ಮುಳುಗುವಾಗ ಮಾತ್ರ ಲಾಕ್ ಬೇಡ, ಅರ್ಧ ಗಂಟೆಯಲ್ಲಿ ಕಪ್ಪು ಪರದೆ ಸಿಗುತ್ತದೆ.

ಇಲ್ಲಿಗೆ ನಿಲ್ಲಿಸಿ, ಸರ್ವಿಸ್‌ಗೆ ಕೊಡಿ

ಅಪರ್ಚರಿನ ಸಣ್ಣ ಮಿಣುಕು ಸಹಜ ಗುಣ, ರಿಪೇರಿ ಬೇಡ. ಆದರೆ ಸಣ್ಣ ಅಪರ್ಚರಿನಲ್ಲಿ ಆಗಾಗ ಒಂದು ಫ್ರೇಮ್ ಒಂದೆರಡು ಸ್ಟಾಪಿನಷ್ಟು ಬೆಳ್ಳಗಾಗುತ್ತಿದ್ದರೆ ಎಲೆಗಳು ಅಂಟಿಕೊಳ್ಳುತ್ತಿವೆ. ಅವುಗಳ ಮೇಲೆ ಎಣ್ಣೆ ಹರಡಿದಾಗ ಹೀಗಾಗುತ್ತದೆ. ಲೆನ್ಸಿನೊಳಗೆ ಬೆಳಕು ಬಿಟ್ಟು ನೋಡಿದರೆ ಎಲೆಗಳ ಮೇಲೆ ಹೊಳಪಿನ ಕಲೆ ಕಾಣಬಹುದು. ಬಿಚ್ಚಬೇಡಿ. ಗಾಜುಗಳನ್ನು ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಮನೆಯಲ್ಲಿ ಆಗದ ಮಾತು.

ವೇಗದ ಶಟರಿನಲ್ಲಿ ಫೋಟೋದ ಒಂದು ಅಂಚು ಮಾತ್ರ ಪದೇ ಪದೇ ಕಪ್ಪಾಗಿ, ಬಿಸಿಲಿನಲ್ಲೂ ಹಾಗೇ ಬಂದರೆ ಶಟರ್ ಪರದೆಗಳು ಸವೆದಿವೆ. ತಯಾರಕರು ಶಟರಿಗೆ ಲಕ್ಷದ ಲೆಕ್ಕದಲ್ಲಿ ಆಯಸ್ಸು ಹೇಳುತ್ತಾರೆ. ಟೈಮ್‌ಲ್ಯಾಪ್ಸ್ ಅದನ್ನು ಬೇಗ ತಿನ್ನುತ್ತದೆ. 1,50,000 ಕ್ಲಿಕ್‌ನ ಶಟರಿಗೆ 600 ಫ್ರೇಮಿನ 250 ಸಂಜೆಗಳು ಅಷ್ಟೇ. ಹಗಲಿನ ಮೋಡಗಳಿಗೆ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಅಷ್ಟು ಉಳಿಯುತ್ತದೆ.

ಫ್ಲ್ಯಾಶ್ ಇರುವ ಕ್ಯಾಮೆರಾವನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಬ್ಯಾಟರಿ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲೂ ಬೇಡಿ. ಇನ್ನು ಗುಡುಗು ಕೇಳಿಸಿತು ಅಂದರೆ ಇಂಟರ್ವಲ್ ಎಷ್ಟೇ ಬಾಕಿ ಇರಲಿ, ಬಯಲಿನಲ್ಲಿ ಟ್ರೈಪಾಡ್ ಪಕ್ಕ ನಿಲ್ಲಬೇಡಿ. ಕ್ಯಾಮೆರಾ ಬಿಟ್ಟು ಒಳಗೆ ಹೋಗಿ.